ಸ್ವಂತ ಸೈಟಿನಲ್ಲಿ ಒಣಗಿದ ಎಲೆ ಸುಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ನಿಮ್ಮ ಪಕ್ಕದ ಸೈಟಿನವರು ಪ್ರತಿ ಭಾನುವಾರ ತರಗೆಲೆ, ತೆಂಗಿನ ಗರಿ ಎಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಕೇಳಿದರೆ "ಜಾಗ ನಂದು, ಕಸ ನಂದು" ಅಂತಾರೆ. ಅವರು ಹೇಳುವುದು ಸರಿಯಾ?

ಸರಿಯಲ್ಲ. ಆದರೆ ಅವರು ಹಾಗೆ ಅಂದುಕೊಳ್ಳುವುದಕ್ಕೆ ಒಂದು ಕಾರಣ ಇದೆ. 2026ರ ಮಾರ್ಚ್ ಕೊನೆಯವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಮನೆಯವರು ಕಸ ಸುಡಬಾರದು ಅಂತ ಹೇಳಿದ್ದು ರಸ್ತೆ, ಚರಂಡಿ, ಕೆರೆ, ಆವರಣದ ಹೊರಗಿನ ಬಯಲು ಇವುಗಳ ಬಗ್ಗೆ. ಆ ಸಾಲನ್ನು ಮಾತ್ರ ಓದಿದರೆ ಕಾಂಪೌಂಡಿನ ಒಳಗೆ ಸುಡಬಹುದು ಅನ್ನಿಸುತ್ತೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿತ್ತು: ತೋಟದ ಕಸವನ್ನು ಬೇರೆಯಾಗಿ ನಮ್ಮ ಆವರಣದಲ್ಲೇ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಬೇಕು. ಸುಡುವುದು ಆ ರೀತಿಗಳಲ್ಲಿ ಒಂದಲ್ಲ. ಇನ್ನೂ ಅನುಮಾನ ಇದ್ದರೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ದೇಶಕ್ಕೆಲ್ಲ ಅನ್ವಯಿಸುವ ಆದೇಶ ಕೊಟ್ಟಿತು. ಬಯಲಿನಲ್ಲಿ ಕಸ ಸುಡುವುದೇ ನಿಷಿದ್ಧ. ಸರ್ಕಾರಿ ಜಾಗ, ಖಾಸಗಿ ಜಾಗ ಅಂತ ಅದು ಭೇದ ಮಾಡಲಿಲ್ಲ. ಸಾಧಾರಣವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ಕಟ್ಟಬೇಕು ಅಂತಲೂ ಹೇಳಿತು.

ಬೆಂಕಿ ಕೈ ಮೀರಿದರೆ ಅದು ಬೇರೆಯೇ ಕಥೆ. ಪ್ರಾಣಕ್ಕೆ ಅಪಾಯ ಆಗುವ ಹಾಗೆ ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಲಿ ಸ್ವಂತ ಜಾಗ ಅನ್ನುವ ಮಾತು ನಡೆಯುವುದಿಲ್ಲ.

ಇದರ ಬಗ್ಗೆ ನನಗೆ ಯಾಕಿಷ್ಟು ಕಾಳಜಿ ಅಂದರೆ, ನಮ್ಮ ಅಮ್ಮನಿಗೆ ಉಬ್ಬಸ. ಜನವರಿಯ ಬೆಳಗಿನ ಹೊತ್ತು ನೆಲದ ಹತ್ತಿರ ಗಾಳಿ ತಣ್ಣಗಿರುತ್ತೆ, ಹೊಗೆ ಮೇಲಕ್ಕೆ ಹೋಗುವುದೇ ಇಲ್ಲ. ನಮ್ಮ ಹಿಂದಿನ ಮನೆಯವರು ಹೊಂಗೆ ಎಲೆ ಗುಡಿಸಿ ಸುಡುತ್ತಿದ್ದರು. ಮೇಲಿನ ಎಲೆ ಒಣಗಿರುತ್ತಿತ್ತು, ಅಡಿಯದು ಇಬ್ಬನಿಗೆ ನೆನೆದಿರುತ್ತಿತ್ತು. ಅಂಥದ್ದು ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತೆ. ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಅಮ್ಮ ಮಂಚದ ಅಂಚಿನಲ್ಲಿ ಎರಡೂ ಕೈ ಊರಿಕೊಂಡು ಕೂತಿರುತ್ತಿದ್ದರು. ಎಲೆಯ ಜೊತೆ ಒಂದೆರಡು ಹಾಲಿನ ಪ್ಯಾಕೆಟ್ ಕೂಡ ಸೇರಿಬಿಟ್ಟರೆ ಆ ವಾಸನೆಯನ್ನು ಕೇಳುವುದೇ ಬೇಡ.

ಆದರೂ ನಾನು ನೇರವಾಗಿ ದೂರು ಕೊಡಲಿಲ್ಲ. ನಾನು ಉಡುಪಿ ಕಡೆಯವನು. ನಮ್ಮಲ್ಲಿ ತರಗೆಲೆ, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ನಿಧಾನಕ್ಕೆ ಬೇಯಿಸಿ ಸುಡುಮಣ್ಣು ಮಾಡುತ್ತಾರೆ. ಬಸಳೆಗೆ, ಮಲ್ಲಿಗೆಗೆ ಅದೇ ಗೊಬ್ಬರ. ಅದನ್ನು ನೋಡಿಕೊಂಡು ಬೆಳೆದವರಿಗೆ ಎಲೆಗೆ ಬೆಂಕಿ ಹಾಕುವುದು ತಪ್ಪು ಅಂತ ಅನ್ನಿಸುವುದೇ ಇಲ್ಲ. ಆದರೆ ಅಲ್ಲಿ ಮನೆಯಿಂದ ಮನೆಗೆ ಒಂದು ತೋಟದಷ್ಟು ದೂರ. ಇಲ್ಲಿ ಮೂವತ್ತು-ನಲವತ್ತರ ಸೈಟು, ಅವರ ಗುಡ್ಡೆಗೂ ನಮ್ಮ ಕಿಟಕಿಗೂ ಹತ್ತಡಿ. ನಾನು ಹೋಗಿ, "ಸರ್, ಅಮ್ಮನಿಗೆ ಉಸಿರಾಟದ ತೊಂದರೆ ಇದೆ. ಎಲೆ ನನಗೇ ಕೊಟ್ಟುಬಿಡಿ, ಗೊಬ್ಬರ ಮಾಡ್ತೀನಿ" ಅಂದೆ. ಅವರಿಗೆ ಬೇಕಾಗಿದ್ದು ಎಲೆ ಅಂಗಳದಿಂದ ಹೋದರೆ ಸಾಕು ಅಂತ. ಒಪ್ಪಿಕೊಂಡರು.

ಗೊಬ್ಬರ ಮಾಡುವುದು ಏನೂ ಕಷ್ಟ ಅಲ್ಲ. ಕಬ್ಬಿಣದ ಜಾಲರಿಯನ್ನು ಮೂರಡಿ ಅಗಲದ ಉಂಗುರದಂತೆ ಸುತ್ತಿ ಮಣ್ಣಿನ ನೆಲದ ಮೇಲೆ ನಿಲ್ಲಿಸಿ. ಒಂದು ಪದರ ಎಲೆ ಹಾಕಿ, ಕಾಲಲ್ಲಿ ಸ್ವಲ್ಪ ತುಳಿದು, ಸಗಣಿ ನೀರು ಚಿಮುಕಿಸಿ. ಸಗಣಿ ಸಿಗದಿದ್ದರೆ ಹುಳಿ ಮಜ್ಜಿಗೆ ಮತ್ತು ಒಂದು ಹಿಡಿ ಹಳೆ ಗೊಬ್ಬರ ಸಾಕು. ಆಮೇಲೆ ಮತ್ತೆ ಎಲೆ. ಬರೀ ಒಣ ಎಲೆ ಹಾಕಿದರೆ ಕೊಳೆಯುವುದು ತೀರಾ ನಿಧಾನ, ಯಾಕಂದ್ರೆ ಅದರಲ್ಲಿ ಸಾರಜನಕ ಕಡಿಮೆ. ಮಧ್ಯೆ ಮಧ್ಯೆ ಹಸಿ ಹುಲ್ಲು, ತರಕಾರಿ ಸಿಪ್ಪೆ ಸೇರಿಸಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಅಂಗೈ ಒದ್ದೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಿ. ನಮ್ಮಲ್ಲಿ ಎದೆಮಟ್ಟ ಇದ್ದ ರಾಶಿ ಐದು ತಿಂಗಳಲ್ಲಿ ಮೊಣಕಾಲಿನಷ್ಟಾಯಿತು. ಕೆಳಗಿನಿಂದ ತೆಗೆದರೆ ಕಾಫಿ ಪುಡಿಯ ಬಣ್ಣ, ಮೊದಲ ಮಳೆಯ ಮಣ್ಣಿನ ವಾಸನೆ. ಮಾವಿನ ಎಲೆ ಗಟ್ಟಿ, ಅದಕ್ಕೆ ಜಾಸ್ತಿ ಸಮಯ ಬೇಕು, ಚೂರು ಮಾಡಿ ಹಾಕಿ. ತೆಂಗಿನ ಗರಿಯನ್ನು ರಾಶಿಗೆ ಹಾಕಬೇಡಿ. ಕಡ್ಡಿ ಸೀಳಿ ಪೊರಕೆ ಮಾಡುವವರಿಗೆ ಕೊಡಿ, ಇಲ್ಲವೇ ತುಂಡು ಮಾಡಿ ಗಿಡದ ಬುಡಕ್ಕೆ ಹಾಸಿ.

ಮಾತಿಗೆ ಬಗ್ಗದಿದ್ದರೆ ದೂರು ಕೊಡಿ, ಹಿಂಜರಿಯಬೇಡಿ. ಕಸದ ಜವಾಬ್ದಾರಿ ಈಗ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ್ದು. 1533 ಸಹಾಯವಾಣಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೊಗೆ ಇರುವಾಗಲೇ ಫೋಟೋ ತೆಗೆಯಿರಿ, ದಿನಾಂಕ, ಸಮಯ ಕಾಣಬೇಕು. ಬೂದಿಯ ಫೋಟೋ ತೋರಿಸಿದರೆ ಯಾರು ಸುಟ್ಟರು ಅಂತ ಹೇಳುವುದು ಕಷ್ಟ. ಬೆಂಕಿ ವಿದ್ಯುತ್ ತಂತಿಯ ಕಡೆಗೋ ಪಕ್ಕದ ಶೆಡ್ ಕಡೆಗೋ ಹಬ್ಬುತ್ತಿದ್ದರೆ ದೂರು, ಫೋಟೋ ಎಲ್ಲ ಆಮೇಲೆ. ಮೊದಲು 112.