ಹೊಸ ಮ್ಯಾನೇಜರ್‌ಗಳಿಗೆ ಕಷ್ಟದ ಮಾತುಕತೆ ಕಲಿಸುವುದು ಹೇಗೆ?

ಚೆನ್ನಾಗಿ ಕೆಲಸ ಮಾಡುವವರನ್ನೇ ನಾವು ಮ್ಯಾನೇಜರ್ ಮಾಡುತ್ತೇವೆ. ಆದರೆ ತಂಡದವರ ತಪ್ಪನ್ನು ಎದುರಿಗೆ ಕೂತು ಹೇಳುವುದನ್ನು ಯಾರೂ ಅವರಿಗೆ ಕಲಿಸಿರುವುದಿಲ್ಲ. ಸುಮ್ನೆ ಒಂದು ದಿನ ಸ್ಲೈಡ್ ತೋರಿಸಿ ಕಳಿಸಿದರೆ ಏನೂ ಬದಲಾಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಮಾದರಿ ಹಳೆಯದು. 1940ರಿಂದ 1945ರವರೆಗೆ ಅಮೆರಿಕ ಸರ್ಕಾರ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗಾಗಿ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ತರಬೇತಿ ನಡೆಸಿತು. ಅದರಲ್ಲಿ ‘ಜಾಬ್ ರಿಲೇಶನ್ಸ್’ ಎಂಬ ಪಾಠ ಜನರ ನಡುವಿನ ತೊಂದರೆಗಳ ಬಗ್ಗೆಯೇ ಇತ್ತು. 2 ಗಂಟೆಯ 5 ತರಗತಿ, ಚಿಕ್ಕ ಗುಂಪು. ಪ್ರತಿಯೊಬ್ಬರೂ ತಮ್ಮದೇ ವಿಭಾಗದ ನಿಜವಾದ ಸಮಸ್ಯೆಯೊಂದನ್ನು ತರಬೇಕಿತ್ತು. ಹಂತಗಳು ನಾಲ್ಕೇ: ವಿಷಯ ಪೂರ್ತಿ ತಿಳಿದುಕೊಳ್ಳಿ, ಅಳೆದು ತೂಗಿ ನಿರ್ಧರಿಸಿ, ಕ್ರಮ ತೆಗೆದುಕೊಳ್ಳಿ, ಆಮೇಲೆ ಏನಾಯಿತು ನೋಡಿ.

ಜಾಸ್ತಿ ಜನ ಎಡವುವುದು ಮೊದಲ ಹಂತದಲ್ಲೇ. “ನಿಮಗೆ ಜವಾಬ್ದಾರಿಯೇ ಇಲ್ಲ” ಅನ್ನುವುದು ತೀರ್ಪು. “ಈ ವಾರ ಮೂರು ದಿನ ಹತ್ತೂವರೆಗೆ ಬಂದಿರಿ. ನಿಮ್ಮ ಕೆಲಸ ಉಳಿದಿಬ್ಬರ ಮೇಲೆ ಬಿತ್ತು. ಏನು ತೊಂದರೆ?” ಅನ್ನುವುದು ವಿಷಯ. ಹೀಗೆ ಕೇಳಿದ ಮೇಲೆ ಸುಮ್ಮನಿರಬೇಕು. ಅದೇ ಕಷ್ಟ, ಅಲ್ವಾ? ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನುವಂಥ ಮಾತು ಹೊರಬರುವುದು ಆ ಮೌನದಲ್ಲೇ.

ಇದು ಓದಿ ಬರುವುದಲ್ಲ, ಆಡಿ ಬರುವುದು. ಇಬ್ಬಿಬ್ಬರನ್ನು ಕೂರಿಸಿ ಇದೇ ಮಾತು ಆಡಿಸಿ, ಪಾತ್ರ ಅದಲುಬದಲು ಮಾಡಿಸಿ. ತಂಡದಲ್ಲಿ ಕನ್ನಡ ನಡೆಯುತ್ತಿದ್ದರೆ ಅಭ್ಯಾಸವೂ ಕನ್ನಡದಲ್ಲೇ ಇರಲಿ, ಕಲಿತ ಇಂಗ್ಲಿಷ್ ಸಾಲುಗಳು ಆ ಹೊತ್ತಿಗೆ ಬಾಯಿಗೆ ಬರುವುದಿಲ್ಲ. ಎರಡು ವಾರದ ನಂತರ ಮತ್ತೆ ಕರೆದು, ನಿಜವಾದ ಮಾತುಕತೆ ಹೇಗಾಯಿತು ಎಂದು ಕೇಳಿ.