ವಾಹನ ವಿಚಾರ: ಹೀಟರ್ ಹಾಕಿದರೂ ತಣ್ಣನೆಯ ಗಾಳಿ

ಪ್ರಶ್ನೆ: ನನ್ನಲ್ಲಿರುವುದು 2003ರ ಡೀಸೆಲ್ ಕಾರು. ಮಗಳನ್ನು ಕೋತಗಿರಿಗೆ ಕೊಟ್ಟಿರುವುದರಿಂದ ದಿಂಬಂ ಘಾಟಿ ಇಳಿದು, ಸತ್ಯಮಂಗಲ, ಮೇಟುಪಾಳ್ಯದ ಮೂಲಕ ತಿಂಗಳಿಗೊಮ್ಮೆಯಾದರೂ ನೀಲಗಿರಿ ಹತ್ತುತ್ತೇನೆ. ಈ ಚಳಿಗಾಲದಲ್ಲಿ ಹೀಟರ್ ಹಾಕಿದರೆ ಬರುವುದು ತಣ್ಣನೆಯ ಗಾಳಿ. ಮಂಜಿನಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಗಿ ದಾರಿಯೇ ಕಾಣುವುದಿಲ್ಲ. ಫ್ಯಾನ್ ಜೋರಾಗಿ ತಿರುಗುತ್ತದೆ. ಘಾಟಿ ಹತ್ತುವಾಗ ಗಾಳಿ ತುಸು ಬೆಚ್ಚಗಾಗುತ್ತದೆ, ಇಳಿಯುವಾಗ ಪೂರ್ತಿ ತಣ್ಣಗಾಗುತ್ತದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಕಾಲು ಭಾಗ ದಾಟುವುದಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ಹೀಟರ್ ಕೋರ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಬೇರೆ ದಾರಿ ಇದೆಯೇ?
(ಓದುಗರೊಬ್ಬರು, ತಾಳವಾಡಿ, ಈರೋಡ್ ಜಿಲ್ಲೆ)

ಉತ್ತರ: ಡ್ಯಾಶ್‌ಬೋರ್ಡಿಗೆ ಸದ್ಯ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ. ಮೇಲೇರದ ಆ ಮುಳ್ಳೇ ದೋಷ ಎಲ್ಲಿರಬಹುದೆಂದು ಹೇಳುತ್ತಿದೆ. ಕಾರಿನ ಹೀಟರಿಗೆ ಸ್ವಂತ ಬೆಂಕಿಯಿಲ್ಲ. ಎಂಜಿನ್ನನ್ನು ತಣಿಸಿ ಬಿಸಿಯಾದ ನೀರಿನ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನಲ್ಲಿ, ಅಂದರೆ ಹೀಟರ್ ಕೋರಿನಲ್ಲಿ, ಹರಿಯುವಾಗ ಫ್ಯಾನು ಅದರ ಮೂಲಕ ಗಾಳಿಯನ್ನು ನೂಕುತ್ತದೆ, ಅಷ್ಟೆ. ನೀರೇ ಬಿಸಿಯಾಗದಿದ್ದರೆ ಹೊಸ ಕೋರ್ ಹಾಕಿಸಿಯೂ ಫಲವಿಲ್ಲ.

ನನ್ನ ಸಂಶಯ ಥರ್ಮೋಸ್ಟಾಟ್ ಮೇಲೆ. ಒಳಗಿನ ಮೇಣ ಕರಗಿ ಹಿಗ್ಗಿದಾಗ, ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ನಡುವೆ, ತೆರೆದುಕೊಳ್ಳುವ ಈ ಕವಾಟವು ಅಲ್ಲಿಯವರೆಗೆ ನೀರನ್ನು ದೊಡ್ಡ ರೇಡಿಯೇಟರಿಗೆ ಬಿಡದೆ ಎಂಜಿನ್ನಿನೊಳಗೇ ಸುತ್ತಿಸುತ್ತದೆ. ಅದು ತೆರೆದೇ ಕಚ್ಚಿಕೊಂಡಿದ್ದರೆ ಎಂಜಿನ್ ಎಂದೂ ಸರಿಯಾಗಿ ಬಿಸಿಯಾಗುವುದಿಲ್ಲ. ಇಷ್ಟಕ್ಕೂ ಅದು ಕಾರಿನಲ್ಲಿ ಇದೆಯೇ ಎಂಬುದನ್ನೂ ವಿಚಾರಿಸಿ. ಬಯಲುಸೀಮೆಯ ಬಿಸಿಲಿನಲ್ಲಿ ಎಂಜಿನ್ ಕಾದೊಡನೆ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವುದು ನಮ್ಮ ಅನೇಕ ಮೆಕ್ಯಾನಿಕರ ಹಳೆಯ ಚಾಳಿ. ರೋಗ ಬಿಟ್ಟು ರೋಗಿಯನ್ನು ಓಡಿಸಿದಂತೆ. ಅದಿಲ್ಲದ ಡೀಸೆಲ್ ಎಂಜಿನ್ ಹೆಚ್ಚು ಎಣ್ಣೆ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಘಾಟಿ ಇಳಿಯುವಾಗ ತಣ್ಣಗಾಗುವುದಕ್ಕೂ ಕಾರಣವಿದೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟಾಗ ಸಿಲಿಂಡರಿನೊಳಗೆ ಡೀಸೆಲ್ ಹೆಚ್ಚುಕಡಿಮೆ ಸುಡುವುದೇ ಇಲ್ಲ, ಆದರೆ ತಣ್ಣನೆಯ ಗಾಳಿ ತುಂಬಿ ಹೋಗುತ್ತಲೇ ಇರುತ್ತದೆ. ಹೀಗಾಗಿ ಸುಸ್ಥಿತಿಯ ಡೀಸೆಲ್ ಕಾರಿನಲ್ಲೂ ಇಳಿಜಾರಿನಲ್ಲಿ ಶಾಖ ಸ್ವಲ್ಪ ಇಳಿಯುವುದು ಸಹಜ. ಪೂರ್ತಿ ಆರಿಹೋಗುವುದು ಸಹಜವಲ್ಲ.

ಕವಾಟ ಸಿಕ್ಕರೆ ಅದನ್ನು ದಾರದಲ್ಲಿ ಕಟ್ಟಿ, ತಳ ತಾಕದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ. ತಣ್ಣೀರಿನಲ್ಲಿ ಬಾಯಿ ಮುಚ್ಚಿದ್ದು, ಅದರ ಮೇಲೆ ಕೊರೆದಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆದರೆ ಅದು ಸರಿಯಿದೆ. ಇಲ್ಲವಾದರೆ ಅದೇ ಡಿಗ್ರಿಯ ಹೊಸದನ್ನು ಗ್ಯಾಸ್ಕೆಟ್ ಸಮೇತ ಹಾಕಿಸಿ.

ಬಳಿಕವೂ ಗಾಳಿ ತಣ್ಣಗಿದ್ದರೆ, ಎಂಜಿನ್ ಬಿಸಿಯಾದ ಮೇಲೆ ಅದನ್ನು ನಿಲ್ಲಿಸಿ, ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಬಟ್ಟೆ ಹಿಡಿದು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎರಡೂ ಬಿಸಿಯಿದ್ದರೆ ನೀರಿನ ಕಡೆ ದೋಷವಿಲ್ಲ. ಬಿಸಿ, ತಂಪು ಬದಲಿಸುವ ಕೇಬಲ್ ಕ್ಲಿಪ್ಪಿನಿಂದ ಜಾರಿರಬಹುದು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ ಅಥವಾ ಹೀಟರಿನ ವಾಲ್ವ್ ಮುಚ್ಚಿದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದ ಕಾರಿನಲ್ಲಿ ಸುಣ್ಣದ ಪದರವೂ ತುಕ್ಕೂ ಸೇರಿ ಕೋರ್ ಕಟ್ಟುತ್ತದೆ. ಆಗಲೂ ಅದನ್ನು ಬಿಚ್ಚಬೇಕಿಲ್ಲ: ಎಂಜಿನ್ ತಣ್ಣಗಿರುವಾಗ ಎರಡು ಪೈಪುಗಳನ್ನೂ ಕಳಚಿ, ನೀರು ಹೊರಬರುವ ಕಡೆಯಿಂದ ತೋಟದ ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು, ತಿಳಿಯಾಗುವವರೆಗೆ ತೊಳೆಯಿಸಿ. ಹೆಚ್ಚು ಒತ್ತಡವಾಗಲಿ ಆ್ಯಸಿಡ್ ಆಗಲಿ ಬೇಡ, ಹಳೆಯ ಕೋರ್ ತೂತಾದೀತು.

ಕೊನೆಗೆ ಡಿಸ್ಟಿಲ್ಡ್ ವಾಟರ್, ಕೂಲಂಟ್ ಎರಡನ್ನೂ ಸಮಪಾಲಿನಲ್ಲಿ ತುಂಬಿಸಿ (ಬೆರೆಸಿಯೇ ಮಾರುವ ಕೂಲಂಟಾದರೆ ನೀರು ಬೇಡ). ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗಿಟ್ಟು ಎಂಜಿನ್ ಓಡಿಸಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು) ಹಾಳಾಗಿದೆಯೇ ಎಂದು ತೋರಿಸಿ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ.

ಪ್ರಶ್ನೆ: ಹೀಟರ್ ಹಾಕಿದೊಡನೆ ಸಿಹಿ ವಾಸನೆ ಬಂದು, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಕೂರುತ್ತದೆ. ಎಡಗಡೆ ಕಾಲಿಡುವ ಜಾಗದ ಮ್ಯಾಟ್ ಒದ್ದೆಯಾಗಿರುತ್ತದೆ. ಏನು ಮಾಡಲಿ?
(ಓದುಗರೊಬ್ಬರು, ತಳಿ, ಕೃಷ್ಣಗಿರಿ ಜಿಲ್ಲೆ)

ಉತ್ತರ: ನಿಮ್ಮದು ಸೋರುತ್ತಿರುವ ಕೋರ್, ಇಲ್ಲಿ ಅದನ್ನು ಬದಲಿಸದೆ ವಿಧಿಯಿಲ್ಲ. ಅಲ್ಲಿಯವರೆಗೆ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಕ್ಲ್ಯಾಂಪ್ ಬಿಗಿದರೆ ಹೀಟರ್ ಇಲ್ಲದೆ ಕಾರು ಓಡಿಸಬಹುದು. ಇಳಿಸಿದ ಕೂಲಂಟನ್ನು ಅಂಗಳದಲ್ಲಿ ತೆರೆದಿಡಬೇಡಿ. ರುಚಿ ಸಿಹಿಯಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ಅವುಗಳಿಗೆ ವಿಷ.