ವೆನಿಸ್ ಮೋಸ ಮಾಡಿತಾ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅಂತ ಯುರೋಪ್ ಟೂರಿಗೆ ಹೋಗಿದ್ದೆವು. ವೆನಿಸ್‌ನಲ್ಲಿ ನಾಲ್ಕೇ ಗಂಟೆ ಬಿಟ್ಟರು. ಎಲ್ಲಿ ನೋಡಿದರೂ ಜನ. ಅರ್ಧ ಗಂಟೆ ಗೊಂಡೊಲಾ ದೋಣಿಗೆ 90 ಯೂರೋ! ಕಾಲುವೆ ವಾಸನೆ ಬೇರೆ. ಫೋಟೋದಲ್ಲಿರುವ ವೆನಿಸ್ ಎಲ್ಲಿದೆ? ಮಗಳು ಮುಂದಿನ ವರ್ಷ ಹೋಗ್ತೀನಿ ಅಂತಿದ್ದಾಳೆ, ಬೇಡ ಅನ್ನಲಾ?"

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ 90 ಯೂರೋ ವಿಷಯದಲ್ಲಿ ಯಾರೂ ನಿಮಗೆ ಟೋಪಿ ಹಾಕಿಲ್ಲ. ಅದು ಅಲ್ಲಿನ ಆಡಳಿತವೇ ಗೊತ್ತು ಮಾಡಿದ ಹಗಲಿನ ದರ. ಸಂಜೆ ಏಳರ ಮೇಲೆ ಹತ್ತಿದ್ದರೆ 110 ಕೊಡಬೇಕಿತ್ತು. ಊರಿನವರು ಈ ಸವಾರಿಗೆ ಹೋಗುವುದು ಅಪರೂಪ. ಸೇತುವೆ ಇಲ್ಲದ ಕಡೆ ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ದಾಟಲು ಅವರು ಹತ್ತುವ ದೋಣಿಗೆ ತ್ರಾಗೆತ್ತೊ ಅನ್ನುತ್ತಾರೆ. ಅದೂ ಗೊಂಡೊಲಾನೇ, ಸ್ವಲ್ಪ ದೊಡ್ಡದು. ಹೊರಗಿನವರಿಗೂ ಎರಡು ಯೂರೋ ಅಷ್ಟೇ.

ವಾಸನೆಯೂ ನಿಜ. ಇಂದಿಗೂ ಎಷ್ಟೋ ಮನೆಗಳ ಕೊಳಚೆ ನೀರು ಕಾಲುವೆಗೇ ಹೋಗುತ್ತದೆ. ಸಮುದ್ರದ ಉಬ್ಬರ ಇಳಿತ ಬಂದು ಹೋಗಿ ಅದನ್ನು ತೊಳೆಯಬೇಕು. ನೀರು ಇಳಿದ ಹೊತ್ತಿಗೆ ಹೋದರೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ನಾಲ್ಕು ಗಂಟೆಯಲ್ಲಿ ನೀವು ಸ್ಯಾನ್ ಮಾರ್ಕೋ ಚೌಕ, ರಿಯಾಲ್ಟೊ ಸೇತುವೆ, ನಡುವಿನ ಓಣಿಗಳನ್ನು ನೋಡಿರುತ್ತೀರಿ. ಪ್ರಪಂಚದವರೆಲ್ಲ ಅಷ್ಟನ್ನೇ ನೋಡುತ್ತಾರೆ, ಅದೂ ಅದೇ ಹೊತ್ತಿಗೆ. ನನ್ನ ಪ್ರಕಾರ ಆ ಊರಿನ ನಿಜವಾದ ಸೊಗಸು ಬೆಳಿಗ್ಗೆ, ಟೂರಿನವರು ಬರುವ ಮುಂಚೆ. ಅಲ್ಲಿ ಕಾರಿಲ್ಲ, ಸ್ಕೂಟರ್ ಇಲ್ಲ. ಕಸದವರು ತಳ್ಳುಗಾಡಿಯಲ್ಲಿ ಕಸ ತುಂಬಿಕೊಂಡು ಕಾಲುವೆ ದಂಡೆಗೆ ಬರುತ್ತಾರೆ. ದೋಣಿಯ ಮೇಲಿನ ಕ್ರೇನು ಗಾಡಿಯನ್ನೇ ಎತ್ತಿ ಒಳಗೆ ಸುರಿದು ಮತ್ತೆ ದಂಡೆಗೆ ಇಳಿಸುತ್ತದೆ. ಸಾಮಾನು ಸಾಗಿಸುವ ಗಾಡಿಗಳ ಮುಂದೆ ಇನ್ನೆರಡು ಪುಟ್ಟ ಚಕ್ರಗಳಿರುತ್ತವೆ, ಸೇತುವೆಯ ಮೆಟ್ಟಿಲಿಗೆ ಆನಿಸಿ ಮೇಲೆ ಹತ್ತಿಸಲು. ತರಕಾರಿ, ಸಿಮೆಂಟ್ ಚೀಲ, ವಾಷಿಂಗ್ ಮೆಷಿನ್ ಎಲ್ಲಾ ದೋಣಿಯಲ್ಲೇ ಬರಬೇಕು. ಆಂಬುಲೆನ್ಸೂ ದೋಣಿ. ಹೆಣವನ್ನೂ ಸ್ಯಾನ್ ಮಿಕೇಲೆ ದ್ವೀಪದ ಸ್ಮಶಾನಕ್ಕೆ ದೋಣಿಯಲ್ಲೇ ಒಯ್ಯುತ್ತಾರೆ. ಇಷ್ಟೆಲ್ಲ ಪಾಡು ಪಟ್ಟು ಬದುಕುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. 1951ರಲ್ಲಿ ದ್ವೀಪಗಳ ಮೇಲಿನ ಹಳೇ ಊರಿನಲ್ಲಿ ಸುಮಾರು 1.75 ಲಕ್ಷ ಜನ ಇದ್ದರು. ಈಗ 50,000ಕ್ಕೂ ಕಡಿಮೆ. ರಿಯಾಲ್ಟೊ ಹತ್ತಿರದ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ ಈ ಲೆಕ್ಕವನ್ನೇ ಬೋರ್ಡು ಮಾಡಿ ಹಾಕಿದ್ದಾರೆ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಏರಿದ ಮೇಲೆ ನೆಲಮಹಡಿಯ ಮನೆಗಳನ್ನು ಎಷ್ಟೋ ಜನ ಬಿಟ್ಟರು. ಆಮೇಲೆ ಬಾಡಿಗೆ ಏರಿತು. ಮನೆ ಇದ್ದವರಿಗೂ ಸಂಸಾರಸ್ಥರಿಗಿಂತ ಪ್ರವಾಸಿಗಳಿಗೆ ಕೊಡುವುದೇ ಲಾಭ ಅನ್ನಿಸಿತು. ಹೊರಟವರಲ್ಲಿ ಬಹಳಷ್ಟು ಜನ, ಊರನ್ನು ಒಳನಾಡಿಗೆ ಸೇರಿಸುವ ಉದ್ದ ಸೇತುವೆಯ ಆಚೆ ದಡದ ಮೇಸ್ತ್ರೆಗೆ ಹೋದರು. ಅಲ್ಲೇ ಪಕ್ಕದ ಮಾರ್ಗೇರಾದಲ್ಲಿ ಹಡಗು ಕಟ್ಟುವ ಕಾರ್ಖಾನೆ ಇದೆ, ಬಾಂಗ್ಲಾದೇಶದ ಕೆಲಸಗಾರರು ತುಂಬ ಜನ. 2021ರಿಂದ ಸ್ಯಾನ್ ಮಾರ್ಕೋ ಮುಂದೆ ಹಾದುಹೋಗಬಾರದು ಅಂತ ತಡೆದಿರುವ ದೈತ್ಯ ಕ್ರೂಸ್ ಹಡಗುಗಳಿವೆಯಲ್ಲ, ಅಂಥವನ್ನೇ ಅಲ್ಲಿ ಕಟ್ಟುತ್ತಾರೆ! ಮೇಸ್ತ್ರೆ, ಮಾರ್ಗೇರಾದ ಬೀದಿಗಳ ಫೋಟೋ ಯಾವ ಕ್ಯಾಲೆಂಡರಿನಲ್ಲೂ ಬರುವುದಿಲ್ಲ ಬಿಡಿ.

ಮಗಳಿಗೆ ಬೇಡ ಅನ್ನಬೇಡಿ. ಎರಡು ರಾತ್ರಿ ಹಳೇ ಊರಿನಲ್ಲೇ ಉಳಿಯಲಿ. 2024ರಿಂದ ಜನಜಂಗುಳಿಯ ಕೆಲವು ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶ ಶುಲ್ಕ ಹಾಕಿದ್ದಾರೆ. ರಾತ್ರಿ ಉಳಿಯುವವರಿಗೆ ಅದಿಲ್ಲ. ನವೆಂಬರಿನಲ್ಲಿ ಹೋದರೆ ಜನ ಕಡಿಮೆ. ಪ್ರವಾಹದ ಭಯ ಮೊದಲಿನಷ್ಟಿಲ್ಲ, 2020ರಿಂದ ಸಮುದ್ರದ ಬಾಯಿಗೆ ಗೇಟು ಹಾಕಿ ನೀರು ತಡೆಯುತ್ತಿದ್ದಾರೆ. ಒಂದು ದಿನ ಕಿಯೋಜಾಗೂ ಹೋಗಿ ಬರಲಿ. ವಿಜಯನಗರಕ್ಕೆ ಬಂದಿದ್ದ ನಿಕೊಲೊ ಕೊಂಟಿಯ ಹೆಸರು ಶಾಲೆಯಲ್ಲಿ ಓದಿದ್ದೀರಲ್ಲ, ಅವನ ಊರು ಅದು. ಅಲ್ಲೂ ಕಾಲುವೆ, ಸೇತುವೆ ಇವೆ, ಜೊತೆಗೆ ದಿನಾ ಕಡಲಿಗೆ ಹೋಗುವ ಮೀನುಗಾರರೂ ಇದ್ದಾರೆ.

ಇನ್ನೊಂದು ಮಾತು. ದೊಡ್ಡ ಸೂಟ್‌ಕೇಸ್ ಕೊಟ್ಟು ಕಳಿಸಬೇಡಿ. ಆ ಊರಿನಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆಗಳಿವೆ, ಹೆಚ್ಚುಕಡಿಮೆ ಎಲ್ಲದಕ್ಕೂ ಮೆಟ್ಟಿಲು.